ಪತ್ತೆಯಾಗಿಲ್ಲ

ರಾತ್ರಿ ಒಂದೂ ಮುಕ್ಕಾಲಿಗೆ ಬಂದ ಶೀಸೆ.
ಚೀಟಿಯಲ್ಲಿ: ಲೋಹಿತ್ ಸಂಪಂಗಿ, ಹತ್ತೊಂಬತ್ತು, ನಗರ್ತಪೇಟೆ.
ಛತ್ರಗಳಲ್ಲಿ ಮಂಟಪಕ್ಕೆ ಹೂ ಕಟ್ಟುವವನು.
ಕೆಳಗೆ ಡಾಕ್ಟರರ ಅವಸರದ ಅಕ್ಷರ:
ಸೆಳೆತ ಎರಡು ಸಲ. ನಾಡಿ ನೂರ ಅರವತ್ತು.
ಏನು ಸೇದಿದ್ದಾನೆ?

ನನ್ನ ಬಳಿ ಇರುವುದು ಬೆರಳಗಲದ ಪಟ್ಟಿ.
ಅದಕ್ಕೆ ಐದು ಹೆಸರು ಗೊತ್ತು, ಆರನೆಯದು ಗೊತ್ತಿಲ್ಲ.
ಮೂರು ಹನಿ ಬಿಟ್ಟು ಗೋಡೆ ಗಡಿಯಾರ ನೋಡುತ್ತೇನೆ.
ಗೆರೆ ಮೂಡಿದರೆ ಇಲ್ಲ, ಮೂಡದಿದ್ದರೆ ಉಂಟು;
ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ತಿರುಗುಮುರುಗು
ಅಭ್ಯಾಸವಾಗಲು ವಾರ ಹಿಡಿದಿತ್ತು.
ಐದೂ ಗೆರೆ ಮೂಡಿದವು.
ಪಾಸಾದ ಹುಡುಗರ ಹಾಗೆ ಸಾಲಾಗಿ ನಿಂತವು.

ಕಿಟಕಿಯಾಚೆ ಮುನಿತಾಯಮ್ಮ.
‘ಇಲ್ಲ ಅಂತ ಬಂತಾ ಸಾರ್? ನಾನ್ ಹೇಳ್ಲಿಲ್ವಾ,
ನನ್ ಮಗ ಅಂಥೋನಲ್ಲ.’
ಇಲ್ಲ ಎಂಬುದು ಬೇರೆ, ಪತ್ತೆಯಾಗಿಲ್ಲ ಎಂಬುದು ಬೇರೆ ತಾಯೀ,
ಎನ್ನಬೇಕಿತ್ತು. ಆಕೆ ಆಗಲೇ ಸೆರಗಿನಲ್ಲಿ ಮುಖ ಒರೆಸಿಕೊಂಡು
ಅಣ್ಣಮ್ಮನಿಗೆ ಏನೋ ಹರಕೆ ಹೊರುತ್ತಿದ್ದಳು.
ಸುಮ್ಮನಾದೆ.

ಅಷ್ಟರಲ್ಲಿ ವಾರ್ಡಿನ ಅಂತೋಣಿ ತಂದಿಟ್ಟ,
ಹುಡುಗನ ಜೇಬಲ್ಲಿ ಸಿಕ್ಕ ಪೊಟ್ಟಣ.
ಬೆಳ್ಳಿ ಬಣ್ಣ. ಮೇಲೊಂದು ನಗುವ ನರಿ.
ಅಡಿಯಲ್ಲಿ ಇರುವೆಸಾಲಿನಷ್ಟು ಸಣ್ಣಕ್ಕೆ:
ಧೂಪಕ್ಕೆ ಮಾತ್ರ, ಸೇವನೆಗಲ್ಲ.
ಇಡೀ ಪೊಟ್ಟಣದಲ್ಲಿ ನಿಜವಿದ್ದದ್ದು ಆ ಕೊನೆಯ ಮಾತೊಂದೇ,
ಅದನ್ನೂ ಬರೆದದ್ದು ಸುಳ್ಳಿನ ಸಲುವಾಗಿ.

ಆಕೆ ನೋಡಬೇಕೆಂದಳು. ಕೈಗೆ ಕೊಡಲಿಲ್ಲ,
ಬಾಯಿ ತೆರೆದು ದೂರದಿಂದ ಹಿಡಿದೆ.
ಸಿಟಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ
ಹೂವು, ಪತ್ರೆ ಮಾರಿದ ಮೂಗು.
‘ದವನ ಅಲ್ಲ. ಮರುಗ ಅಲ್ಲ. ಪಚ್ಚೆತೆನೆ ಅಲ್ವೇ ಅಲ್ಲ.
ತುಂಬೆ ಒಣಗಿದ್ರೂ ತುಂಬೆ ಅಂತ ತಿಳಿಯುತ್ತೆ.
ಗಾಂಜಾ ವಾಸ್ನೆ ನಂಗೊತ್ತು, ನಮ್ಮಾವ ತತ್ವಪದದ ಗುಂಪಲ್ಲಿದ್ರು.
ಅದೂ ಅಲ್ಲ ಇದು.
ಎಲೆ ಹೌದು ಸಾರ್, ಆದ್ರೆ ಈ ವಾಸ್ನೆ ಎಲೇದಲ್ಲ.
ಯಾರೋ ಬಣ್ಣದಂಗಡಿ ನೀರಲ್ಲಿ ಅದ್ದಿದಾರೆ.’

ಮಡಿವಾಳದ ಪ್ರಯೋಗಾಲಯ ಮೂರು ತಿಂಗಳಿಗೆ ಹೇಳುವುದನ್ನು
ಆಕೆ ಒಂದು ಉಸಿರಲ್ಲಿ ಹೇಳಿದ್ದಳು.

ಎಲೆಯದೇನೂ ತಪ್ಪಿಲ್ಲ. ಅದು ಕೂಲಿಯಾಳು.
ಎಲ್ಲೋ ಬಾಗಿಲು ಹಾಕಿದ ಶೆಡ್ಡಿನಲ್ಲಿ
ಯಾರೋ ಚಿಮುಕಿಸಿದ್ದನ್ನು ಹೊತ್ತು ಬಂದಿದೆ.
ಚಿಮುಕಿಸುವವನಿಗೆ ಫೋನು ಬಂದು ಕೈ ಎಲ್ಲಿ ನಿಂತಿತೋ
ಅಲ್ಲಿ ಗಟ್ಟಿ;
ಒಂದು ಚಿಟಿಕೆಯಲ್ಲಿ ಏನೂ ಇಲ್ಲ,
ಪಕ್ಕದ ಚಿಟಿಕೆಯಲ್ಲಿ ಮೂತ್ರಪಿಂಡ ಮುಚ್ಚುವಷ್ಟು.
ನಿಷೇಧದ ಪಟ್ಟಿಗೆ ಒಂದು ಹೆಸರು ಏರುವ ಹೊತ್ತಿಗೆ
ಅಣುವಿನ ಬಾಲ ಕತ್ತರಿಸಿ ಬೇರೆ ಬಾಲ ಕೂರಿಸಿರುತ್ತಾರೆ.
ಊರೂರಿಗೆ ಹೆಸರು ಬದಲಿಸಿ ಹೆಣ್ಣು ಕೇಳುವ ಗಂಡಿನ ಹಾಗೆ,
ಪ್ರತಿ ಊರಲ್ಲೂ ಅವನಿಗದು ಮೊದಲ ಮದುವೆಯೇ.

‘ಗಾಂಜಾ ಆದ್ರೆ ಸಿಕ್ಕಾಕ್ಕೊಳ್ತೀಯ ಮಗಾ,
ಇದು ಟೆಸ್ಟಲ್ಲಿ ಬರಲ್ಲ’
ಎಂದಿದ್ದನಂತೆ ಜೊತೆಯವನು.
ನಂಬಿಕಸ್ಥ. ಟೆಸ್ಟಲ್ಲಿ ಬರಲಿಲ್ಲ.

ನಾಲ್ಕಕ್ಕೆ ಮುನಿತಾಯಮ್ಮ ಎದ್ದು ಹೊರಟಳು.
ಲಗ್ನದ ದಿನ, ಮಗ ಒಪ್ಪಿಕೊಂಡಿದ್ದ ಎರಡು ಮಂಟಪ ಬಾಕಿ,
ಹೂವು ಯಾರಿಗೂ ಕಾಯುವುದಿಲ್ಲ.
ಒಂಬತ್ತಕ್ಕೆ ವಾಪಸು ಬಂದಾಗ
ತೋರುಬೆರಳಿಗೆ ಬಾಳೆನಾರು ಸುತ್ತಿಕೊಂಡೇ ಇತ್ತು.

ಮೂರನೆಯ ದಿನ ಲೋಹಿತ್ ಕಣ್ಣು ಬಿಟ್ಟು ನೀರು ಕೇಳಿದ.
ಆಮೇಲೆ, ಈ ಗೋಡೆ ಯಾಕೆ ಉಸಿರಾಡ್ತಿದೆ ಅಂದ.

ಗೋಡೆ ಈಗಲೂ ಆಗಾಗ ಉಸಿರಾಡುತ್ತದಂತೆ.
ದಿನ ಬಿಟ್ಟು ದಿನ ಡಯಾಲಿಸಿಸ್.
ಊಟದ ಡಬ್ಬಿ ಹಿಡಿದು ನಾನು ಆ ವಾರ್ಡು ದಾಟುವಾಗ
ಆಕೆ ಮಡಿಲಿಂದ ಒಂದು ಕಡ್ಡಿ ದವನ ತೆಗೆದು
ಅವನ ಮೂಗಿನ ಹತ್ತಿರ ಹಿಡಿದಿರುತ್ತಾಳೆ.
‘ಇದೇನು, ಹೇಳು ಕಂದಾ?’

ಅವನು ಯೋಚಿಸುತ್ತಾನೆ.