ಕಳೆದುಹೋದ ರೇಶನ್ ಕಾರ್ಡು

ದಿನಾ ರಾತ್ರಿ ಪಾತ್ರೆ ತೊಳೆದಾದ ಮೇಲೆ
ಈಳಿಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿ
ಕ್ಲೆಮೆಂತಿನ ಬಾಯಿಯ ಮನೆಗೆ ಕೊಟ್ಟು ಬರುತ್ತೇನೆ.
ಬೆಳಿಗ್ಗೆ ಹಾಲಿನ ಹೊತ್ತಿಗೆ ಅವಳು ತಂದುಕೊಡುತ್ತಾಳೆ.
ಯಾಕೆಂದು ಕೇಳಿಲ್ಲ.
ಒಂದು ಸಲ ಮಾತ್ರ, ಸಾಣೆ ಹಿಡಿಸಿದೀಯಾ? ಅಂದಳು.
ಇಲ್ಲ ಅಂದೆ.

ಕೋಡಿಬಾಗದ ಹೈಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳು ನಾನು.
ಇನ್ನೂರ ಹದಿನಾರು ಮಕ್ಕಳು, ನನ್ನವನೂ ಸೇರಿ.
ಸಾಲಿನಲ್ಲಿ ಬಂದು ತಟ್ಟೆ ಚಾಚುತ್ತಾನೆ ಸಾಯೀಶ,
ಕಣ್ಣು ಸಾಂಬಾರಿನ ಕೊಳಗದ ಮೇಲೆ.
ಸಾಕು, ಅನ್ನುತ್ತಾನೆ.
ಇಡೀ ದಿನದಲ್ಲಿ ಅವನು ನನಗೆ ಆಡುವ
ಮೆತ್ತಗಿನ ಮಾತು ಅದೊಂದೇ.
ಒಂದು ಸೌಟು ಹೆಚ್ಚೇ ಹಾಕುತ್ತೇನೆ,
ಹೆದರಿಯೋ ತಾಯಾಗಿಯೋ
ಸೌಟಿಗೆ ಗೊತ್ತಾಗುವುದಿಲ್ಲ.

ನಿಮ್ಮ ಹುಡುಗ ಬಲು ಸಂಭಾವಿತ, ಅನ್ನುತ್ತಾರೆ ಗಣಿತದ ಮೇಡಂ.
ಹೌದು ಮೇಡಂ.
ಎಲ್ಲಿ ಹೊಡೆದರೆ ಕಾಣುವುದಿಲ್ಲ ಎಂಬ ಲೆಕ್ಕವೂ ಅವನಿಗೆ ಬರುತ್ತದೆ.
ರವಿಕೆಯ ತೋಳು ಮೂರು ಬೆರಳು ಉದ್ದ ಮಾಡು ಅಂದಾಗ
ಟೇಲರ್ ನಕ್ಕ: ಹೊಸ ಫ್ಯಾಷನ್ನಾ ಅಕ್ಕಾ?

ಮೊದಲು ತಟ್ಟೆ. ಆಮೇಲೆ ಬಾಗಿಲು. ಆಮೇಲೆ ನಾನು.
ನೆಟ್ ಪ್ಯಾಕು ಮುಗಿದದ್ದಕ್ಕೆ, ಬಂಗಡೆ ಸಾರು ಉಪ್ಪಾದದ್ದಕ್ಕೆ,
ಏನೂ ಆಗದೇ ಇದ್ದದ್ದಕ್ಕೆ.
ಅವನ ಅಪ್ಪ ಬೈತಖೋಲದಲ್ಲಿ ಟ್ರಾಲರ್ ಹತ್ತಿದರೆ ಹತ್ತು ದಿನ.
ದಡಕ್ಕೆ ಬಂದ ದಿನ ಕೇಳುತ್ತಾನೆ, ಎಲ್ಲಾ ಸರಿ ಇದೆಯಲ್ಲ?
ಆಗ ಮಗ ಅಪ್ಪನ ಬೆನ್ನಿಗೆ ಎಣ್ಣೆ ತಿಕ್ಕುತ್ತಿರುತ್ತಾನೆ,
ಅದೇ ಕೈಯಿಂದ, ಹಗುರವಾಗಿ.

ಒಂದು ಸಲ ಹೊರಟೆ.
ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಐದು.
ಏನಮ್ಮಾ, ಅಂದ ಬರೆಯುವವನು.
ಮಗನ ಹೆಸರು ಹಲ್ಲಿನವರೆಗೆ ಬಂತು.
ಅಲ್ಲಿ ಬೆಂಚಿನ ಮೇಲೆ ಅವನದೇ ವಯಸ್ಸಿನ ಹುಡುಗನೊಬ್ಬ
ಉಗುರು ಕಚ್ಚುತ್ತ ಕೂತಿದ್ದ, ಯಾರ ಮಗನೋ.
ರೇಶನ್ ಕಾರ್ಡು ಕಳೆದಿದೆ, ಅಂದೆ.
ಎಲ್ಲಿ ಕಳೆಯಿತು?
ಮನೆಯಲ್ಲೇ.
ಅವನು ಪೆನ್ನು ಎತ್ತಿ ನನ್ನನ್ನು ನೋಡಿದ.
ಬಸ್ಸಿನಲ್ಲಿ ಅಂತ ಬರೀರಿ, ಅಂದೆ.
ಸೀಲು ಹೊಡೆದ ಆ ಚೀಟಿಯನ್ನು
ರೇಶನ್ ಕಾರ್ಡಿನ ಒಳಗೇ ಮಡಚಿಟ್ಟಿದ್ದೇನೆ.

ನಿನ್ನೆ ಈಳಿಗೆ ಕೊಡಲು ಹೋದವಳು
ಹೊಸ್ತಿಲಲ್ಲಿ ನಿಂತೇ ಇದ್ದೆ.
ಸಾಯೀಶ ಹೊಡೀತಾನೆ.
ಎರಡೇ ಪದ. ಆಡಿ ನೋಡಿದರೆ ಅಷ್ಟೇ ಇತ್ತು.
ಗೊತ್ತು, ಅಂದಳು ಕ್ಲೆಮೆಂತಿನ ಬಾಯಿ,
ನಡುವಿನ ಗೋಡೆ ಒಂದೇ ಅಲ್ಲವಾ.
ಚಾಪೆ ಬಿಚ್ಚಿದಳು.
ಇವತ್ತು ಈಳಿಗೆಯ ಜೊತೆ ನೀನೂ ಇಲ್ಲೇ ಇರು.

ಅರ್ಧರಾತ್ರಿಗೆ ಬಾಗಿಲು ಬಡಿದ.
ಆಯಿ ಇದ್ದಾಳಾ?
ಒಡೆದ ದನಿ. ಅರ್ಧ ಗಂಡಸಿನದು,
ಇನ್ನರ್ಧ ಜ್ವರದಲ್ಲಿ ನೀರು ಕೇಳುತ್ತಿದ್ದವನದು.
ಇಲ್ಲ ಮಗಾ, ಅಂದಳು ಅವಳು.
ನಾನು ಬಾಗಿಲ ಸಂದಿಗೆ ಕಣ್ಣಿಟ್ಟೆ.
ಪಕ್ಕದ ಮನೆಯಲ್ಲವೇ, ಬರಿಗಾಲಲ್ಲೇ ಬಂದಿದ್ದೆ.
ಅವನ ಕೈಯಲ್ಲಿ ನನ್ನ ಚಪ್ಪಲಿ ಇದ್ದವು, ಎರಡೂ.
ಕೊಡಲು ತಂದಿದ್ದನೋ, ಹೊಡೆಯಲೋ,
ಹಿಡಿದ ರೀತಿಯಿಂದ ತಿಳಿಯಲಿಲ್ಲ.
ತುಂಬಾ ಹೊತ್ತು ನಿಂತಿದ್ದ. ನಾನೂ.

ಈಗ ಬೆಳಗಾಗುತ್ತಿದೆ. ಹಾಲಿನವನು ಬಂದು ಹೋದ.
ಮೆಟ್ಟಿಲ ಮೇಲೆ ಏನಿದೆಯೋ ನೋಡಿಲ್ಲ.
ಇನ್ನೂರ ಹದಿನಾರು ಮಕ್ಕಳಿಗೆ
ಅಕ್ಕಿ ತೊಳೆಯಬೇಕು.