ಮಾರು

ಬೈತಖೋಲದ ಧಕ್ಕೆ. ಐಸು ಒಡೆಯುವ ಸದ್ದು.
ಬಲೆಯ ರಾಶಿಗೆ ಒರಗಿ ಗಟ್ಟಿಯಾಗಿ ಓದುತ್ತೇನೆ:
‘ಬೋಟ್‌ಸ್ವೇನ್.’

ಹರಿದ ಕಣ್ಣು ಹೆಣೆಯುತ್ತಲೇ ಪುಂಡಲೀಕ ಮಾಮ:
‘ಬೋಸನ್.
ನೀ ಹೇಳಿದ ಹಾಗೆ ಕೂಗಿದರೆ
ಹಡಗಲ್ಲಿ ಒಬ್ಬನೂ ತಿರುಗೋದಿಲ್ಲ.’

‘ಕ್ವೇ?’
‘ಕೀ.’
‘ಕೀ ಅಂದರೆ ಬೀಗದ ಕೈಯಲ್ಲವಾ?’
‘ಅದೂ ಕೀ. ನೀ ಕೂತ ಈ ಧಕ್ಕೆಯೂ ಕೀ.’

ಹನ್ನೆರಡು ವರ್ಷ ಸರಕು ಹಡಗಲ್ಲಿ
ಬೈಗುಳದ ಜೊತೆಗೇ ಕಿವಿಗೆ ಬಿದ್ದ ಇಂಗ್ಲಿಷು.
ಬರೆದು ತೋರಿಸು ಅಂದರೆ
ಹೆಬ್ಬೆಟ್ಟು ಎತ್ತಿ ನಗುತ್ತಾನೆ.
ಪೇಡಿ ಮೀನಿನ ಮುಳ್ಳಿನಂತೆ
ಯಾವ ಅಕ್ಷರ ಉಗುಳಬೇಕೆಂಬುದು
ಆ ನಾಲಿಗೆಗೆ ಗೊತ್ತು.
ನನಗೆ ಪ್ರತಿಯೊಂದೂ ಗಂಟಲಿಗೆ ಚುಚ್ಚುತ್ತದೆ.
ಪರೀಕ್ಷೆ ಸೋಮವಾರ.

‘ಫ್ಯಾದಮ್’ ಅಂದೆ.
ತಿದ್ದಲಿಲ್ಲ.
ಸೂಜಿ ಕೆಳಗಿಟ್ಟು, ಎದ್ದು, ಎರಡೂ ಕೈ ಚಾಚಿದ.
‘ಇಷ್ಟು. ಒಂದು ಮಾರು.’
ವಿಂಚಿಗೆ ಸಿಕ್ಕಿದ್ದ ಬಲಗೈ ಅರ್ಧಕ್ಕೇ ನಿಂತಿತು.
‘ಮೊದಲು ಪೂರಾ ಆಗ್ತಿತ್ತು.’

ಡಿಕ್ಷನರಿಯಲ್ಲಿ ಎರಡನೇ ಅರ್ಥವೂ ಇತ್ತು:
ಒಬ್ಬರ ಆಳ ತಿಳಿ.
ಅದನ್ನು ಓದಿ ಹೇಳಲಿಲ್ಲ.
ಆ ಕೈ ನಿಂತಲ್ಲಿಂದ ಮುಂದಕ್ಕೆ
ನನ್ನ ಕೈ ಹಿಡಿದೆ,
ಅಳತೆ ಸರಿಯಾಗಲೆಂದು.

‘ಸಾಕು ಸಾಕು,’ ಅಂದ,
‘ಮುಂದಿನದು ಓದು.’