ಸೀಮೆಸುಣ್ಣ

ತಂತಿಗೆ ಆರು ಅರೆಸುತ್ತು, ಎಣಿಸು.
ಬಿರಡೆಯನ್ನು ಬಿಗಿಯಾಗಿ ಹಿಡಿ, ಸೀಸೆಯನ್ನು ತಿರುಗಿಸು.
ಬಿರಡೆ ತಿರುಗಿಸುವವನು ಗೋಲಿಸೋಡಾ ಮಾರಲಿಕ್ಕೆ ಲಾಯಕ್ಕು
ಅನ್ನುತ್ತಿದ್ದರು ವಾಮನ ಶೇರಿಗಾರರು,
ಕೊಲಾಬಾದ ಹೋಟೆಲಿನ ಹಿಂಬದಿ ಪ್ಯಾಂಟ್ರಿಯಲ್ಲಿ
ನೀರು ತುಂಬಿ ಮತ್ತೆ ಬಿರಡೆ ಜಡಿದ ಹಳೇ ಸೀಸೆಯ ಮೇಲೆ
ನಮಗೆ ಪಾಠ ಮಾಡುತ್ತ.

ಸದ್ದು ಬರಬಾರದು.
ಢಂ ಅನ್ನಿಸುವುದು ಕ್ರಿಕೆಟ್ ಗೆದ್ದವರಿಗೆ ಬಿಡು.
ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ
ಬಿಡುತ್ತದಲ್ಲ ಒಂದು ಉಸಿರು,
ಅಷ್ಟು.

ಆ ಮನೆತನದ ಹೆಸರು ಲೇಬಲ್ಲಿನ ಮೇಲೆ
ಬಳ್ಳಿಯಾಗಿ ಹಬ್ಬಿತ್ತು.
ನಾವು ನಾಲ್ವರು ನಾಲ್ಕು ಥರ ಓದಿದೆವು. ನಾಲ್ಕೂ ತಪ್ಪು.
ಕೊನೆಯ ಮೂರಕ್ಷರ ನುಂಗಬೇಕಂತೆ.
'ಮತ್ತೆ ಬರೆದದ್ದು ಯಾಕೆ?' ಕೇಳಿದ ಅಂಕೋಲೆಯ ಗಿರಿಯ.
'ದೊಡ್ಡ ಮನೆಯವರು, ಮಾರಾಯ.
ಇದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ.'

ಆ ಊರು ಅವರು ಕಂಡದ್ದಲ್ಲ.
ಮಾಲು ತರುತ್ತಿದ್ದ ಬಾಂದ್ರಾದ ಡಿಮೆಲ್ಲೊ ಹೇಳಿದ್ದನ್ನು
ತಮ್ಮ ಕನ್ನಡಕ್ಕೆ ಬಗ್ಗಿಸಿಕೊಂಡಿದ್ದರು:
ನೆಲದಡಿ ಸುಣ್ಣಕಲ್ಲಿನ ಗುಹೆ, ಹರದಾರಿಗಟ್ಟಲೆ.
ಕತ್ತಲಲ್ಲಿ ಅಡ್ಡಬಿದ್ದ ಸೀಸೆಯೊಳಗೆ ಹುದುಗು
(ನಮ್ಮ ದೋಸೆಹಿಟ್ಟು ಉಬ್ಬಿಸುವುದರ ದಾಯಾದಿ)
ಸಕ್ಕರೆ ತಿಂದು, ಗುಳ್ಳೆ ಬಿಟ್ಟು, ಸಾಯುತ್ತದೆ.
ಸತ್ತದ್ದರ ಪಕ್ಕದಲ್ಲೇ ಏಳೆಂಟು ವರ್ಷ ಮಲಗಬೇಕು ದ್ರಾಕ್ಷಾರಸ.
ಆಮೇಲೆ ಒಬ್ಬ ಬರುತ್ತಾನೆ. ದಿನಕ್ಕೆ ಸಾವಿರಾರು ಸೀಸೆ,
ಒಂದೊಂದಕ್ಕೂ ಮಣಿಕಟ್ಟಿನ ಒಂದೇ ಒಂದು ಸಣ್ಣ ತಿರುವು.
ಅವನ ಅಪ್ಪನದೂ ಇದೇ ಕೆಲಸ, ಅಜ್ಜನದೂ.
ಅಜ್ಜನ ಕಾಲದಲ್ಲಿ ಸೀಸೆಗಳು ತಾವಾಗಿ ಸಿಡಿಯುತ್ತಿದ್ದುವಂತೆ,
ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿ ಇಳಿಯುತ್ತಿದ್ದರಂತೆ.
'ಕಣ್ಣು ಹೋದವನ ಹೆಸರು ಲೇಬಲ್ಲಿನಲ್ಲಿಲ್ಲ.
ಹುಡುಕಿದ್ದೇನೆ.'

ಹವೆ ಕೈಕೊಟ್ಟ ವರ್ಷ
ಸೀಸೆಗೆ ಇಸವಿ ಹಾಕುವುದಿಲ್ಲ ಆ ಮನೆಯವರು.
ಇದೊಂದು ಶೇರಿಗಾರರಿಗೆ ಬಹಳ ಹಿಡಿಸಿತ್ತು.
ಅಣ್ಣನ ಗಿರಣಿಗೆ ಬೀಗ ಬಿದ್ದ ಎಂಬತ್ತೆರಡಕ್ಕೆ
ತಾನೂ ಇಸವಿ ಹಾಕುವುದಿಲ್ಲ ಎಂದು
ನಕ್ಕರು, ಗ್ಲಾಸು ಒರೆಸುತ್ತ.

ಖಾಲಿ ಸೀಸೆ ಕುರ್ಲಾಕ್ಕೆ ಹೋಗುತ್ತಿತ್ತು.
ಭಂಗಾರದ ಅಂಗಡಿಯ ಹುಸೇನಿ ತಳದ ಗುಳಿಗೆ ಹೆಬ್ಬೆಟ್ಟು ತುರುಕಿ
ಎತ್ತಿ ನೋಡಿ ಬೈಯುತ್ತಿದ್ದ:
ಭಾರ ದುಪ್ಪಟ್ಟು, ಯಾರೂ ಮತ್ತೆ ತುಂಬಿಸುವುದಿಲ್ಲ,
ಒಡೆಯಲಿಕ್ಕೂ ಎರಡೇಟು ಬೇಕು.

ನಲವತ್ತೊಂದು ವರ್ಷ ಸುರಿದವರು, ಒಂದು ಹನಿ ಮುಟ್ಟಿದವರಲ್ಲ.
ನೌಕರಿಯ ಕೊನೆಯ ರಾತ್ರಿ ವಜ್ರದವರ ಮದುವೆ.
ಎಲ್ಲ ಮುಗಿದ ಮೇಲೆ
ಸೀಸೆಯ ತಳದಲ್ಲಿ ಅರ್ಧ ಗ್ಲಾಸಿನಷ್ಟಿತ್ತು.
ಗಿರಿಯ ಸುರಿದ. ಅವರು ನಿಂತೇ ಕುಡಿದರು,
ಔಷಧಿಯ ಹಾಗೆ, ಕಣ್ಣು ಮುಚ್ಚಿ.

ನಾವು ಕಾದೆವು.
ಬ್ರೆಡ್ಡಿನ ಕರಕು ಅಂಚು, ಅಂದರು.
ಸ್ವಲ್ಪ ಹಸಿರು ಸೇಬು.
ಆಮೇಲೆ ನಾಲಗೆ ಹಲ್ಲಿಗೆ ಒತ್ತಿ ಬಹಳ ಹೊತ್ತು ಸುಮ್ಮನಿದ್ದು
'ಸೀಮೆಸುಣ್ಣ' ಅಂದರು.

ಫೋರ್ಟಿನ ಕನ್ನಡ ರಾತ್ರಿಶಾಲೆ.
ಹಗಲು ಟೇಬಲ್ಲು ಒರೆಸಿದ ಕೈ, ಹನ್ನೊಂದು ವರ್ಷ,
ಳ ಬರೆಯಲಿಕ್ಕೆ ಬರದ ಕೈ.
ಊಟಕ್ಕೆ ಇನ್ನೂ ಎರಡು ತಾಸು.
ಬೋರ್ಡಿನ ಕೆಳಗೆ ಬಿದ್ದ ತುಂಡನ್ನು ಜೇಬಿಗೆ ಹಾಕಿಕೊಂಡು
ಬೆಂಚಿನಡಿ ತಲೆ ತಗ್ಗಿಸಿ ಮೆಲ್ಲುತ್ತಿದ್ದೆ.
ಸೀಮೆಯಿಂದ ಬಂದ ಸುಣ್ಣ, ಅದಕ್ಕೇ ಸೀಮೆಸುಣ್ಣ ಅಂತ
ಮೇಷ್ಟ್ರು ಪದ ಒಡೆದು ಹೇಳಿದ್ದರು.
'ಯಾವ ಸೀಮೆ ಅಂತ
ನಾನು ಕೇಳಿರಲಿಲ್ಲ, ನೋಡು.'

ಗ್ಲಾಸನ್ನು ತಾವೇ ತೊಳೆದರು, ಬರೀ ಬಿಸಿನೀರಲ್ಲಿ.
ಸೋಪು ಮುಟ್ಟಿಸಬೇಡಿ, ಗುಳ್ಳೆ ಏಳುವುದಿಲ್ಲ,
ಎಷ್ಟು ಸಲ ಹೇಳಬೇಕು ನಿಮಗೆ,
ಎಂದು ಗದರಿ, ಬೋ ಬಿಚ್ಚಿ ಮಡಚಿ ಕಪಾಟಿನಲ್ಲಿಟ್ಟು,
ಒಂದು ಗಂಟೆಯ ಬೊರಿವಲಿ ಲೋಕಲ್ ತಪ್ಪೀತೆಂದು
ಓಡುನಡಿಗೆಯಲ್ಲಿ ಹೋದರು.